ಬೆಸುಗೆ ಹಾಕಿದ್ದಲ್ಲ

ಅಕ್ಕ ಗಂಡನ ಮನೆಯಿಂದ ಬರುವಾಗ ತಂದದ್ದು ಒಂದು ಬಟ್ಟೆ ಚೀಲ, ಒಂದು ಛತ್ರಿ, ಮತ್ತೆ ಒಂದು ಹಳೇ ಲ್ಯಾಪ್‌ಟಾಪ್. ಲ್ಯಾಪ್‌ಟಾಪ್ ಭಾವನದು. ತನಗೆ ಹೊಸದು ಕೊಂಡ ಮೇಲೆ ಇದನ್ನು ಅವಳ ಕಡೆ ತಳ್ಳಿದ್ದ. ಮುಚ್ಚಳದ ಒಂದು ಕೀಲು ಸಡಿಲ, ತೆರೆದರೆ ಪರದೆ ಹಿಂದಕ್ಕೆ ವಾಲುತ್ತದೆ, ಗೋಡೆಗೆ ಒರಗಿಸಿಯೇ ಇಡಬೇಕು. "ನಿನ್ನ ಕೆಲಸಕ್ಕೆ ಇದು ಧಾರಾಳ" ಎಂದು ಕೊಟ್ಟನಂತೆ. ಅವಳ ಕೆಲಸ ಏನು ಎಂದು ಅವನು ಯಾವತ್ತೂ ಕೇಳಿರಲಿಲ್ಲ.

ಅಪ್ಪ ಕೇಳಿದ ಮೊದಲ ಪ್ರಶ್ನೆ, "ಹೊಡೆದ್ರಾ?"

"ಇಲ್ಲ."

"ಕುಡೀತಾರಾ?"

"ಇಲ್ಲಪ್ಪ."

"ಮತ್ತೆ ಇನ್ನೇನಮ್ಮ?"

"ಆ ಮನೇಲಿ ನಾನು ಮಾತು ನಿಲ್ಲಿಸಿ ಎಷ್ಟೋ ದಿನ ಆಯ್ತು. ಇನ್ನೂ ಯಾರಿಗೂ ಗೊತ್ತೇ ಆಗಿಲ್ಲ."

ಅಪ್ಪನಿಗೆ ಇದು ತಲೆಗೆ ಹೋಗಲಿಲ್ಲ. ಅವನು ಗಿರಣಿಯ ಗೇಟಿನಲ್ಲಿ ಕೂತು ಆಯುಷ್ಯ ಸವೆಸಿದವನು. ಚೀಟಿ ಇದ್ದವರನ್ನು ಒಳಗೆ ಬಿಡು, ಇಲ್ಲದವರನ್ನು ವಾಪಸ್ ಕಳಿಸು, ಅಷ್ಟೇ ಅವನ ಶಾಸ್ತ್ರ. ಅಕ್ಕನ ಮೈಮೇಲೆ ಒಂದು ಬಾಸುಂಡೆಯೂ ಇಲ್ಲ, ಅಂದರೆ ಚೀಟಿ ಇಲ್ಲ. "ಸ್ವಲ್ಪ ಹೊಂದ್ಕೊಂಡು ಹೋಗ್ಬೇಕಮ್ಮ" ಎಂದ. ಒಳಗೆ ಅಮ್ಮ ಒಂದು ಪಾತ್ರೆ ಕುಕ್ಕಿದಳು. ಅಮ್ಮ ತನ್ನ ಅಭಿಪ್ರಾಯವನ್ನೆಲ್ಲ ಪಾತ್ರೆಗಳ ಬಾಯಲ್ಲೇ ಹೇಳಿಸುವುದು. ಅವತ್ತು ಪಾತ್ರೆ ಯಾರ ಪರ ಎಂದು ತಿಳಿಯಲಿಲ್ಲ.

ಹೊಂದ್ಕೊಂಡು ಹೋಗು. ನಮ್ಮ ಮನೆಯ ಬಾಗಿಲ ಮೇಲೆ ಬರೆಸಿ ಹಾಕಬಹುದಾದ ಮಾತು. ಮೇಷ್ಟ್ರು ನನ್ನನ್ನು ಇಡೀ ಕ್ಲಾಸಿನ ಎದುರು ದನ ಎಂದು ಕರೆದಾಗಲೂ ಅಪ್ಪ ಇದನ್ನೇ ಹೇಳಿದ್ದ. ಆ ಮಾತಿನಲ್ಲಿ ಎರಡು ಕೆಲಸಗಳಿವೆ. ಹೊಂದಿಕೊಳ್ಳುವುದು ನನಗೆ ಬರಲಿಲ್ಲ, ಹೋಗುವುದು ಬಂತು. ಚೀಲ ಬೆಂಚಿನ ಮೇಲೇ ಬಿಟ್ಟು ಹೊರಟವನು ಸ್ಕೂಟರ್ ಗ್ಯಾರೇಜಿಗೆ ಸೇರಿದೆ. ಇವತ್ತಿಗೂ ಅಲ್ಲೇ ಇದ್ದೇನೆ. ಭಾವ ನನ್ನನ್ನು 'ಗ್ರೀಸು' ಎನ್ನುತ್ತಾನೆ. ಹೆಸರಿನಲ್ಲೇನಿದೆ ಎಂದು ನಾನೂ ನಕ್ಕು ಸುಮ್ಮನಿರುತ್ತಿದ್ದೆ. ನಗುವುದೂ ಒಂಥರ ಹೊಂದಿಕೊಳ್ಳುವುದೇ ಎಂದು ಆಮೇಲೆ ಹೊಳೆಯಿತು.

ಅಕ್ಕ ಮದುವೆಗೆ ಮುಂಚೆ ಅಡುಗೆಮನೆಯ ಕಪಾಟುಗಳ ನಕ್ಷೆ ಬರೆಯುತ್ತಿದ್ದಳು. ಗೋಡೆಯ ಅಳತೆ ಕೊಟ್ಟರೆ ಸಾಕು, ಎಲ್ಲಿ ಡ್ರಾಯರ್, ಎಲ್ಲಿ ಸಿಂಕು, ಯಾವ ಬಾಗಿಲು ಯಾವ ಕಡೆ ತೆರೆಯಬೇಕು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ನಿಲ್ಲಿಸಿ ತೋರಿಸುತ್ತಿದ್ದಳು. ಆಗಿನ ಮೇಲ್ವಿಚಾರಕಿಗೆ ಫೋನ್ ಮಾಡಿದಳು. ಆ ಹೆಂಗಸು ಮರೆತಿರಲಿಲ್ಲ. "ಶನಿವಾರ ಒಂದು ಅಡುಗೆಮನೆ ಅಳತೆ ಕಳಿಸ್ತೀನಿ, ಬರೆದು ಕೊಡು. ಸರಿ ಬಂದ್ರೆ ಮನೆಯಿಂದಲೇ ಮಾಡ್ಬಹುದು. ಮೆಷಿನ್ ಮಾತ್ರ ನಿಂದೇ ಇರ್ಬೇಕು" ಎಂದಳು.

ಅಪ್ಪ ತನ್ನ ತೀರ್ಪು ಹೇಳಿದ. "ಭಾನುವಾರ ಅಳಿಯಂದಿರು ಬರ್ತಾರೆ. ಅಷ್ಟರೊಳಗೆ ಕೆಲಸ ಸಿಕ್ಕಿದ್ರೆ ನಾನು ಬಾಯಿ ಮುಚ್ಕೋತೀನಿ. ಸಿಗ್ಲಿಲ್ಲ ಅಂದ್ರೆ ನೀನು ಬಾಯಿ ಮುಚ್ಕೊಂಡು ಹೊರಡ್ಬೇಕು."

ಆದರೆ ಲ್ಯಾಪ್‌ಟಾಪು ಆ ನಕ್ಷೆಯ ಸಾಫ್ಟ್‌ವೇರ್ ತೆರೆಯುವಷ್ಟರಲ್ಲೇ ಏದುಸಿರು ಬಿಡುತ್ತಿತ್ತು. ಒಂದು ಕಪಾಟು ನಿಲ್ಲಿಸಿದರೆ ನಡೆಯಿತು. ಎರಡನೆಯದಕ್ಕೆ ಫ್ಯಾನು ಕಿರುಚಿತು. ಮೂರನೆಯದನ್ನು ತಿರುಗಿಸಿದ ಕೂಡಲೇ ಪರದೆ ಬಿಳಿಚಿಕೊಂಡು ಅಲ್ಲೇ ಕಲ್ಲಾಯಿತು. ಅಕ್ಕ ಕೀಲಿಗಳ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅವಳು ಬೈದಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಹೊಸದು ಕೊಳ್ಳುವ ಶಕ್ತಿ ನಮಗಿರಲಿಲ್ಲ. ನಾನು ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು ಬೋರ್ಡಕ್ಕನ ಹತ್ತಿರ ಹೋದೆ. ಗ್ಯಾರೇಜಿನ ಹಿಂದಿನ ಓಣಿಯಲ್ಲಿ ಸತ್ತ ಲ್ಯಾಪ್‌ಟಾಪುಗಳ ಗುಡ್ಡೆ ಹಾಕಿಕೊಂಡು ಕೂರುವ ಹೆಂಗಸು ಅವಳು. ಇಡೀ ದಿನ ಬೋರ್ಡು ಬಿಚ್ಚುತ್ತಾಳಾದ್ದರಿಂದ ಆ ಹೆಸರು. ಬಾಯಿ ಮಾತ್ರ ಒಮ್ಮೆ ಬಿಚ್ಚಿದರೆ ಮತ್ತೆ ಜೋಡಿಸಲಾಗದಂಥದ್ದು.

"ಏನಪ್ಪ, ಹೆಣ ತಂದ್ಯಾ, ರೋಗಿ ತಂದ್ಯಾ?"

"ರೋಗಿ. ಇದಕ್ಕೆ ದೊಡ್ಡ ಪ್ರೊಸೆಸರ್ ಹಾಕ್ಬೇಕು. ನಿಮ್ಮಲ್ಲಿರೋದ್ರಲ್ಲಿ ಎಲ್ಲಕ್ಕಿಂತ ದೊಡ್ಡದು ಕೊಡಿ."

"ರ್ಯಾಮ್ ಹೆಚ್ಚಿಸಿ ನೋಡಿದ್ಯಾ?"

"ಅದು ಆಗ್ಲೇ ತುಂಬಿದೆ. ಇನ್ನು ಜಾಗ ಇಲ್ಲ."

ಅವಳು ತಳಭಾಗದ ಮುಚ್ಚಳ ತೆಗೆದು ಬಿಸಿ ಎಳೆಯುವ ತಾಮ್ರದ ಕೊಳವೆ ಎತ್ತಿ, ಒಣಗಿ ಪುಡಿಯಾಗಿದ್ದ ಪೇಸ್ಟನ್ನು ಬೆರಳಲ್ಲಿ ಒರೆಸಿದಳು. ಅದರಡಿಯಲ್ಲಿ ಪ್ರೊಸೆಸರ್ ಕೂತಿತ್ತು, ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಚೌಕ.

"ನೋಡು, ನಿನ್ನ ಅದೃಷ್ಟ. ಸಾಕೆಟ್‌ನಲ್ಲಿ ಕೂತಿದೆ, ಬೆಸುಗೆ ಹಾಕಿದ್ದಲ್ಲ. ಈಗ ಬರೋದೆಲ್ಲ ಬೋರ್ಡಿಗೇ ಬೆಸೆದು ಕಳಿಸ್ತಾರೆ. ಒಂದ್ಸಲ ಅಂಟಿದ್ರೆ ಮುಗೀತು, ಬೋರ್ಡ್ ಸತ್ರೆ ಇದೂ ಸಾಯ್ಬೇಕು. ಇದು ಹಾಗಲ್ಲ, ಸ್ಕ್ರೂ ಅರ್ಧ ಸುತ್ತು ತಿರುಗಿಸಿದ್ರೆ ಎದ್ದು ಬರುತ್ತೆ."

"ಹಾಗಾದ್ರೆ ದೊಡ್ಡದು ಹಾಕ್ಬಹುದು."

"ನಿಮ್ಮ ಗ್ಯಾರೇಜ್‌ನಲ್ಲಿ ಸ್ಕೂಟರ್‌ಗೆ ಲಾರಿ ಇಂಜಿನ್ ಇಡ್ತೀರಾ?" ಒಂದು ಡಬ್ಬಿಯಿಂದ ಎರಡು ಪ್ರೊಸೆಸರ್ ತೆಗೆದು ಅಂಗೈ ಮೇಲಿಟ್ಟಳು. "ಎರಡೂ ಇದೇ ಸಾಕೆಟ್‌ಗೆ ಕೂರುತ್ತೆ. ಎರಡಕ್ಕೂ ನಾಲ್ಕು ಕೋರ್, ನಾಲ್ಕು ತಲೆ ಅನ್ಕೋ. ಈಗಿರೋದಕ್ಕೆ ಎರಡೇ. ಆದ್ರೆ ಇದಿದ್ಯಲ್ಲ, ಬೆಂಕಿ ಕಾರುತ್ತೆ. ನಿನ್ನ ಫ್ಯಾನ್ ನೋಡಿದ್ಯಾ, ಬೀಸಣಿಗೆ ಹಾಗಿದೆ. ಅರ್ಧ ನಕ್ಷೆಗೆ ಬಿಸಿಯಾಗಿ ಆಫ್ ಆಗುತ್ತೆ. ಇದು ವೇಗ ಸ್ವಲ್ಪ ಕಮ್ಮಿ, ಆದ್ರೆ ಹಳೇದು ಎಷ್ಟು ಬಿಸಿ ಆಗ್ತಿತ್ತೋ ಅಷ್ಟೇ ಆಗೋದು."

"ಎರಡನೇದು ಕೊಡಿ, ಹಾಕ್ತೀನಿ."

"ಅಷ್ಟು ಬೇಗ ಹೊರಡ್ಬೇಡ. ಕೂರೋದು ಬೇರೆ, ಒಪ್ಪೋದು ಬೇರೆ. ಬಯೋಸ್ ಅಂತ ಒಂದಿದೆ, ಮನೆ ಯಜಮಾನನ ಥರ. ಗುರುತಿಲ್ಲದವರು ಒಳಗೆ ಬಂದ್ರೆ ಪರದೇನೇ ಬೆಳಗಿಸಲ್ಲ. ಹಳೇದು ಒಳಗಿರೋವಾಗ್ಲೇ ಬಯೋಸ್ ಹೊಸದು ಮಾಡ್ಕೋಬೇಕು. ಆಮೇಲೆ ಬದಲಾಯಿಸ್ಬೇಕು. ಯಜಮಾನನಿಗೆ ಮೊದ್ಲು ಪರಿಚಯ ಮಾಡ್ಸು, ಆಮೇಲೆ ಮನೆ ತುಂಬಿಸ್ಕೋ."

"ನಮ್ಮನೆ ಯಜಮಾನನಿಗೆ ಪರಿಚಯ ಮಾಡ್ಸೋದೇ ಕಷ್ಟ."

"ಯಾರ್ಮನೇದು ಸುಲಭ ಹೇಳು? ದುಡ್ಡು ಬೇಡ. ನನ್ನ ಸ್ಕೂಟರ್ ಒದ್ದು ಒದ್ದು ಕಾಲು ಹೋಯ್ತು, ಅದೊಂದು ನೋಡಿಕೊಡು. ಮತ್ತೆ ಇದನ್ನ ಜೋಪಾನ ಮಾಡ್ಕೋ. ಈ ಸಾಕೆಟ್‌ದು ಇನ್ನು ಸಿಗಲ್ಲ. ನಿನ್ನೆ ಇಂಥ ಸಾಕೆಟ್‌ನ ಒಂದು ಲೋಡ್ ಬೋರ್ಡ್ ಹೋಯ್ತು, ಕರಗಿಸಿ ಚಿನ್ನ ತೆಗೆಯೋಕೆ. ಗುಜರಿಯವರು ಒಂದನ್ನೂ ಬಿಡಲ್ಲ."

ಮನೆಯಲ್ಲಿ ಹಾಸಿಗೆಯ ಬಿಳಿ ಹೊದಿಕೆ ನೆಲಕ್ಕೆ ಹಾಸಿ ಕೂತೆವು. ಬಯೋಸ್ ಕೆಲಸವನ್ನು ಅಕ್ಕ ಮಾಡಿದಳು, ಬಿಚ್ಚುವ ಕೆಲಸ ನನ್ನದು. ಸ್ಕ್ರೂ ಅರ್ಧ ಸುತ್ತು ತಿರುಗಿಸಿದೆ. ಹಳೆಯದು ಏನೂ ತಕರಾರಿಲ್ಲದೆ ಎದ್ದು ಬಂತು. ಅಷ್ಟು ವರ್ಷ ಒಂದೇ ಕಡೆ ಕೂತಿದ್ದದ್ದು ಅಷ್ಟು ಸಲೀಸಾಗಿ ಬರುತ್ತದೆಂದು ನಾನು ಎಣಿಸಿರಲಿಲ್ಲ. ಅಡಿಯಲ್ಲಿ ಕೂದಲಿನಷ್ಟು ಸಣ್ಣ ಪಿನ್ನುಗಳು. ಅಕ್ಕ ಅದನ್ನು ಸ್ಪಂಜಿನ ತುಂಡಿಗೆ ಮೆಲ್ಲಗೆ ಚುಚ್ಚಿ ಎತ್ತಿಟ್ಟಳು.

"ಎಸೀಬಾರ್ದಾ?" ಎಂದೆ.

"ಅವರದ್ದು. ನಮಗೆಲ್ಲಿದೆ ಎಸೆಯೋ ಹಕ್ಕು?"

ಮೂಲೆಯಲ್ಲಿರುವ ಪುಟ್ಟ ತ್ರಿಕೋನದ ಗುರುತಿಗೆ ಗುರುತು ಕೂಡಿಸಿ ಹೊಸದನ್ನು ಇಟ್ಟೆ. ಒತ್ತಲಿಲ್ಲ. ಸರಿಯಾದದ್ದಾದರೆ ಒತ್ತುವುದೇ ಬೇಡ ಎಂದಿದ್ದಳು ಬೋರ್ಡಕ್ಕ. ಅದು ತನ್ನ ಭಾರಕ್ಕೇ ಇಳಿಯಿತು. ಹೊಸ ಪೇಸ್ಟ್ ಹಚ್ಚಿ, ಫ್ಯಾನಿನಲ್ಲಿ ಸೇರಿದ್ದ ಭಾವನ ಮನೆಯ ಧೂಳನ್ನೆಲ್ಲ ಊದಿ, ಮುಚ್ಚಿ, ಗುಂಡಿ ಒತ್ತಿದೆ. ಪರದೆ ಕಪ್ಪಗೇ ಇತ್ತು. ಅಕ್ಕ ನನ್ನ ತೋಳು ಹಿಡಿದುಕೊಂಡಳು. ಲ್ಯಾಪ್‌ಟಾಪು ಒಮ್ಮೆ ಆರಿ ಮತ್ತೆ ತಾನಾಗಿ ಹತ್ತಿಕೊಂಡಿತು.

"ನಾಲ್ಕು ಕೋರ್ ತೋರಿಸ್ತಿದೆ ಕಣೋ" ಎಂದಳು. ಬಂದ ಮೇಲೆ ಅವಳ ಹಳೆಯ ದನಿ ಕೇಳಿದ್ದು ಆಗಲೇ.

ಶನಿವಾರ ಅವಳು ಬರೆದಳು. ಇಡೀ ಅಡುಗೆಮನೆಯನ್ನು ಬುಗುರಿಯ ಹಾಗೆ ತಿರುಗಿಸಿದಳು, ಲ್ಯಾಪ್‌ಟಾಪು ಕಮಕ್ ಕಿಮಕ್ ಅನ್ನಲಿಲ್ಲ. ಸಂಜೆ ಮೇಲ್ವಿಚಾರಕಿ ಫೋನ್ ಮಾಡಿದಳು. "ಸೋಮವಾರ ಬೆಳಿಗ್ಗೆ ಎರಡು ಮನೆ ಕಳಿಸ್ತೀನಿ, ಶುರು ಮಾಡು." ಅಪ್ಪ ಪಕ್ಕದಲ್ಲೇ ಕೂತು ಕೇಳಿಸಿಕೊಂಡ. ಮಾತಿಗೆ ತಪ್ಪದೆ ಬಾಯಿ ಮುಚ್ಚಿಕೊಂಡ.

ಭಾನುವಾರ ಭಾವ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದ. ಕುರ್ಚಿಯ ತುದಿಯಲ್ಲಿ ಕೂತ, ನಮ್ಮ ಕುರ್ಚಿಗೆ ಪೂರ್ತಿ ಬೆನ್ನು ಕೊಟ್ಟವನೇ ಅಲ್ಲ ಅವನು. ಮೇಜಿನ ಮೇಲೆ, ಗೋಡೆಗೆ ಒರಗಿದ ಪರದೆಯಲ್ಲಿ ಅಕ್ಕನ ಅಡುಗೆಮನೆ ನಿಂತಿತ್ತು. ಅವನು ಎದ್ದು ಹೋಗಿ ಅದನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿ ನೋಡಿದ.

"ಅರೆ, ಇದು ನಮ್ಮದೇನಾ? ಏನೋ ಗ್ರೀಸು, ಏನು ಮಾಡಿದ್ಯೋ ಇದಕ್ಕೆ?"

"ಪ್ರೊಸೆಸರ್ ಬದಲಾಯಿಸಿದ್ದೀನಿ ಭಾವ."

"ಪರವಾಗಿಲ್ವೇ." ಅಕ್ಕನ ಕಡೆ ತಿರುಗಿದ. "ಒಳ್ಳೇದಾಯ್ತು ಬಿಡು. ಬಟ್ಟೆ ತುಂಬ್ಕೋ, ಇದನ್ನೂ ತಗೋ. ಈ ಕೆಲಸ ಅಲ್ಲೇ ಮಾಡ್ಬಹುದಲ್ಲ. ಖರ್ಚಿಗೂ ಆಗುತ್ತೆ."

ಅಪ್ಪನ ಮುಖ ಅರಳಿತು. "ನೋಡಮ್ಮ, ಎಷ್ಟು ದೊಡ್ಡ ಮನಸ್ಸು" ಎಂದ. ಬಡ್ಡಿಮಗ, ನಾನು ಅಕ್ಕನಿಗಾಗಿ ಬಗ್ಗಿ ಕೂತು ಮಾಡಿದ್ದೆಲ್ಲ ಇವನ ಮನೆಯ ಖರ್ಚಿಗೆ ಬಂತು.

"ನಾನು ಬರಲ್ಲ" ಎಂದಳು ಅಕ್ಕ.

"ಯಾಕೆ? ನಾನೇನಂದೆ ಈಗ?"

"ನೀವೇನೂ ಅಂದಿಲ್ಲ. ನಾನೂ ಅಂದಿಲ್ಲ. ಅಲ್ಲಿ ಯಾರೂ ಯಾರಿಗೂ ಏನೂ ಅಂದಿಲ್ಲ. ಅದಕ್ಕೇ ಬರಲ್ಲ."

ಭಾವ ಅಪ್ಪನ ಮುಖ ನೋಡಿದ, ಅಪ್ಪ ನೆಲ ನೋಡಿದ. ಆಮೇಲೆ ಭಾವ ಲ್ಯಾಪ್‌ಟಾಪಿನ ಮುಚ್ಚಳವನ್ನು, ಅದರ ಸಡಿಲ ಕೀಲನ್ನು ಒಂದು ಕೈಯಲ್ಲಿ ಹಿಡಿದು, ಮೆಲ್ಲಗೆ ಮುಚ್ಚಿದ. ದನಿಯೂ ಅಷ್ಟೇ ಮೆಲ್ಲಗಿತ್ತು. "ಸರಿ. ನೀನು ಬರ್ಬೇಡ. ಇದು ನಂದು, ಬಿಲ್ಲೂ ನನ್ನ ಹತ್ರ ಇದೆ. ಇದನ್ನ ತಗೊಂಡು ಹೋಗ್ತೀನಿ."

"ಭಾವ, ನಿಮ್ಮ ಹತ್ರ ಹೊಸದಿದೆ. ಇದು ನಿಮಗ್ಯಾಕೆ?"

"ಬೇಕು ಅಂತಲ್ಲ ಗ್ರೀಸು. ನಂದು ಅಂತ."

"ಅವರ ವಸ್ತು ಅವರಿಗೆ ಕೊಟ್ಬಿಡ್ರೋ" ಎಂದ ಅಪ್ಪ. "ನಮಗೆ ಪರರ ಸ್ವತ್ತು ಬೇಡ."

ನಾನು ಎದ್ದು ನಿಂತಿದ್ದೆ. ಏನು ಮಾಡುತ್ತಿದ್ದೆನೋ ಗೊತ್ತಿಲ್ಲ, ಅಕ್ಕ ನನ್ನ ಹೆಗಲ ಮೇಲೆ ಕೈ ಇಟ್ಟಳು.

"ಸ್ಕ್ರೂಡ್ರೈವರ್ ತಗೊಂಬಾ. ಅವರದ್ದು ಅವರಿಗೆ ಹಾಕಿ ಕೊಡು. ಹೇಗೆ ಕೊಟ್ಟಿದ್ರೋ ಹಾಗೆ."

ಮತ್ತೆ ಅದೇ ಬಿಳಿ ಹೊದಿಕೆ. ನಕ್ಷೆಯನ್ನು ಅಕ್ಕ ಪೆನ್‌ಡ್ರೈವಿಗೆ ತೆಗೆದುಕೊಂಡು, ಲ್ಯಾಪ್‌ಟಾಪಿನಲ್ಲಿದ್ದ ತನ್ನದನ್ನೆಲ್ಲ ಅಳಿಸಿದಳು. ಭಾವ ಮೊಬೈಲ್ ನೋಡುತ್ತ ಕೂತ. ಸ್ಪಂಜಿನಿಂದ ಹಳೆಯದನ್ನು ತೆಗೆದಾಗ ನನ್ನ ಉಗುರು ಒಂದು ಪಿನ್ನಿನ ಮೇಲಿತ್ತು. ಒಂಚೂರು ಬಾಗಿಸಿದರೆ ಸಾಕು, ಮನೆಗೆ ಹೋಗಿ ಗುಂಡಿ ಒತ್ತಿ ಸಾಯಲಿ. ಅಕ್ಕ ನನ್ನ ಉಗುರನ್ನೇ ನೋಡುತ್ತಿದ್ದಳು.

"ಸರಿಯಾಗಿ ಹಾಕು" ಎಂದಳು.

ಸರಿಯಾಗಿ ಹಾಕಿದೆ. ಪೇಸ್ಟನ್ನೂ ಹೊಸದಾಗಿ ಹಚ್ಚಿದೆ. ಅಷ್ಟು ಕೋಪದಲ್ಲೂ ಕೈ ತಪ್ಪು ಮಾಡಲಿಲ್ಲ. ನನ್ನ ಕೈಯ ಮೇಲೆ ನನಗೇ ಅಸಹ್ಯವಾಯಿತು. ಭಾವ ಗುಂಡಿ ಒತ್ತಿ, ಬೆಳಗಿದ್ದನ್ನು ನೋಡಿ, ಮಡಚಿ ಎತ್ತಿಕೊಂಡ. ಬಾಗಿಲಲ್ಲಿ ನಿಂತು ಹೇಳಿದ, "ಆ ಸಣ್ಣ ಬಿಲ್ಲೆ ನೀವೇ ಇಟ್ಕೊಳ್ಳಿ. ನಮಗೆ ಪರರ ಸ್ವತ್ತು ಬೇಡ."

ಅವನು ಹೋದ ಮೇಲೆ ಅಪ್ಪನ ಬಾಯಿಗೆ ಜೀವ ಬಂತು. "ನಾಳೆ ಆ ಹೆಂಗಸು ಮನೆ ಕಳಿಸ್ತಾಳಲ್ಲ, ಯಾವುದರಲ್ಲಿ ಬರೀತೀಯ? ಕೈಲಿ ಬಿಲ್ಲೆ ಹಿಡ್ಕೊಂಡು ಕೂರ್ತೀಯಾ? ಮೆಷಿನ್ ಇಲ್ಲ ಅಂದ್ರೆ ಕೆಲಸ ಇಲ್ಲ, ಕೆಲಸ ಇಲ್ಲ ಅಂದ್ರೆ ನಾನು ಹೇಳಿದ ಮಾತು ಹಾಗೇ ಇದೆ. ಇವತ್ತು ಸಂಜೆ ನಾನೇ ಕರ್ಕೊಂಡು ಹೋಗಿ ಬಿಟ್ಬರ್ತೀನಿ. ಹೊಂದ್ಕೊಂಡು ಹೋಗೋದು ಕಲಿ."

ಅಕ್ಕ ಹೊಸ ಪ್ರೊಸೆಸರನ್ನು ಸ್ಪಂಜಿನ ಅದೇ ತೂತುಗಳಿಗೆ ಚುಚ್ಚಿದಳು. ಹಳೆಯದು ಬಿಟ್ಟುಹೋದ ತೂತುಗಳಲ್ಲಿ ಅದು ಸಲೀಸಾಗಿ ಕೂತುಕೊಂಡಿತು. ಸ್ಪಂಜನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಬೋರ್ಡಕ್ಕ ಭಾನುವಾರ ಬಾಗಿಲು ತೆಗೀತಾಳಾ?"

"ತೆಗೀತಾಳೆ. ಯಾಕೆ?"

"ಅವತ್ತು ನೀನು ಲ್ಯಾಪ್‌ಟಾಪಿಗೆ ಹೊಂದೋ ಪ್ರೊಸೆಸರ್ ಕೇಳಿದ್ದೆ. ಇವತ್ತು ಇದಕ್ಕೆ ಹೊಂದೋ ಲ್ಯಾಪ್‌ಟಾಪ್ ಕೇಳು."

ಬೋರ್ಡಕ್ಕ ಏನನ್ನುತ್ತಾಳೆ ಎಂದು ನನಗೆ ಗೊತ್ತಿತ್ತು. ಒಂದು ಲೋಡ್ ಹೋಯ್ತು, ಒಂದನ್ನೂ ಬಿಡಲ್ಲ. ಅಕ್ಕನಿಗೆ ಅದನ್ನು ಹೇಳಿರಲಿಲ್ಲ, ಆಗಲೂ ಹೇಳಲಿಲ್ಲ. ಚಪ್ಪಲಿ ಮೆಟ್ಟಿದೆ. ಅಡುಗೆಮನೆಯಲ್ಲಿ ಯಾವ ಪಾತ್ರೆಯೂ ಸದ್ದು ಮಾಡಲಿಲ್ಲ. ತಿರುಗಿ ನೋಡಿದರೆ ಅಮ್ಮ ಒದ್ದೆ ಕೈಯಲ್ಲೇ ಹೊಸ್ತಿಲವರೆಗೆ ಬಂದು ನಿಂತಿದ್ದಳು. ಅಪ್ಪನ ಎದುರಿಗೇ, ತನ್ನ ಬಾಯಿಂದಲೇ ಹೇಳಿದಳು.

"ಸಿಗದೆ ಮನೆಗೆ ಬರ್ಬೇಡ."