ಒಂದರ ಜಾಗದಲ್ಲಿ ನಕ್ಷತ್ರ

ಅನಸೀನಿಯ ಸಾವಿನ ಮನೆಯಲ್ಲಿ ಲೂಪೆ ರೂಢಿಯಂತೆ ಕಪ್ಪು ಬಟ್ಟೆಯ ಮೇಲೆ ಸೊಂಟಕ್ಕೆ ಚಾಪೆ ಸುತ್ತಿ ಹುರಿ ಬಿಗಿಯುತ್ತಿದ್ದಾಗ ಬೆನ್ನ ಹಿಂದೆ ಕಾಲೇಜಿನ ಪ್ರಿನ್ಸಿಪಾಲ್ ಸೆಮಿಸಿಯ ದನಿ ಕೇಳಿಸಿತು.

“ಏನಮ್ಮಾ ಯೂನಿವರ್ಸಿಟಿಯೋಳೇ, ನಿಮ್ಮ ವರದಿ ಬಂತು. ಓದ್ದೆ.”

ಹುರಿ ಕೈಜಾರಿತು.

“ಸಾವಿನ ಮನೇಲಿ ಯಾಕೆ ಸರ್ ಆ ಮಾತು?”

“ಹಾಸ್ಟೆಲ್ಲಲ್ಲಿ ಮೇಷ್ಟ್ರು ಮೈಮುಟ್ಟಿದ್ರು ಅಂತ ಬರೆದೋರನ್ನ ಊರುವಾರು ಹಾಕಿದೀರಿ. ನಿಯುವಾ ದ್ವೀಪದ ಮುಂದೆ ‘ಒಂದು’ ಅಂತಿದೆ. ಹಾಸ್ಟೆಲ್ ನೋಡ್ಕೊಳ್ಳೋನು ನನ್ನ ತಮ್ಮ. ಯಾರವಳು?”

“ಹೆಸರು ನಾವು ಕೇಳೋದೇ ಇಲ್ಲ ಸರ್.”

“ಬೇಡ ಬಿಡು. ರಿಜಿಸ್ಟರಲ್ಲಿ ಎಲ್ರೂ ಇಲ್ಲಿನ ಚಿಕ್ಕಪ್ಪನ ವಿಳಾಸ ಕೊಟ್ಟು ಕೂತಿದಾರೆ, ಯಾರು ಯಾವ ದ್ವೀಪದೋಳೋ ಗೊತ್ತಾಗಲ್ಲ. ಆದ್ರೆ ನಿಮ್ಮ ಅನಸೀನಿ ನಿಯುವಾದೋಳೇ ಅಲ್ವಾ? ಅಷ್ಟು ಸಣ್ಣ ದ್ವೀಪ, ಎಲ್ಲಾ ನೆಂಟರೇ. ನಮ್ಮ ಹುಡುಗೀರು ಹಾಡೋಕೆ ಬಂದಿದಾರೆ. ಅವರಲ್ಲಿ ಯಾರು ಸತ್ತೋಳ ನೆಂಟಳು ಅಂತ ಹರಕು ಚಾಪೆ ಉಟ್ಕೋತಾಳೋ ನೋಡ್ತೀನಿ.”

ಅವನು ನಗುತ್ತಲೇ ಗಂಡಸರು ಕಾವಾ ಬೇರಿನ ರಸ ಕುಡಿಯುತ್ತಿದ್ದ ಚಪ್ಪರದತ್ತ ಹೋದ.

*

ಯೂನಿವರ್ಸಿಟಿ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಅನಸೀನಿ ಬದುಕಿನ ಬಹುಪಾಲು ಕಳೆದಿದ್ದಳು. ಪ್ರೊಫೆಸರುಗಳು ಸಮೀಕ್ಷೆಗಳ ಉತ್ತರಪತ್ರ ಮೂಟೆಗಟ್ಟಲೆ ತಂದು ಸುರಿಯುತ್ತಿದ್ದರು. ಅವಳು ಅದನ್ನು ಕೋಷ್ಟಕ ಮಾಡಿಕೊಡುತ್ತಿದ್ದಳು. ಅವರ ಪುಸ್ತಕಗಳ ಕೊನೆಯಲ್ಲಿ ಅವಳಿಗೆ ಕೃತಜ್ಞತೆ ಇರುತ್ತಿತ್ತು, ಹೆಸರು ತಪ್ಪಾಗಿ. ಅವಳೇನೂ ದೇವತೆಯಲ್ಲ. ಕಾಫಿಪುಡಿ ಬಚ್ಚಿಡುತ್ತಿದ್ದಳು, ಊಟದ ಹೊತ್ತಲ್ಲಿ ಇಸ್ಪೀಟಾಡಿ ಮೋಸ ಮಾಡುತ್ತಿದ್ದಳು.

ಒಂದು ವಿಷಯದಲ್ಲಿ ಮಾತ್ರ ಹಟ. ಕೋಷ್ಟಕದ ಯಾವ ಮನೆಯಲ್ಲಾದರೂ ಐದು ಜನಕ್ಕಿಂತ ಕಡಿಮೆ ಬಂದರೆ ಅಂಕಿ ಅಳಿಸಿ ಅಲ್ಲಿ ನಕ್ಷತ್ರ ಹಾಕುತ್ತಿದ್ದಳು. ಇಲ್ಲವೇ ಪಕ್ಕದ ಸಾಲಿಗೆ ಸೇರಿಸಿಬಿಡುತ್ತಿದ್ದಳು.

“ಬರೀ ಒಂದು ತಾನೇ, ಬಿಡಿ,” ಎಂದು ಒಮ್ಮೆ ಹೊರಗಿನಿಂದ ಬಂದ ಪ್ರೊಫೆಸರ್ ಹೇಳಿದ್ದ.

“ಡಾಕ್ಟ್ರೇ, ಇದು ತೊಂಗಾ. ಇಲ್ಲಿ ‘ಒಂದು’ ಅಂತ ಬರೆದ್ರೆ ಸಂಜೆಯೊಳಗೆ ಅವಳ ಅಜ್ಜಿ ಹೆಸರೂ ಹೇಳ್ತಾರೆ.”

ಆ ನಕ್ಷತ್ರಗಳನ್ನು ಕೊನೆಗೆ ಅವಳೇ ಕೂತು ಕೈಯಾರೆ ಹಾಕುತ್ತಿದ್ದಳು. ಅವಳು ಆಸ್ಪತ್ರೆ ಸೇರಿದ ವಾರ ವರದಿ ಕಳಿಸಿದವಳು ಅವಳ ಕೈಕೆಳಗಿನ ಲೂಪೆ. ನಕ್ಷತ್ರದ ನೆನಪೇ ಆಗಲಿಲ್ಲ.

*

ಸಾವಿನ ಮನೆಯ ಒಳಕೋಣೆಯಲ್ಲಿ ಅನಸೀನಿಯ ತಂಗಿ ಎಲಿಸಿವಾ ಹಳೇ ಚಾಪೆಗಳ ರಾಶಿಯ ಮುಂದೆ ಕೂತಿದ್ದಳು. ಸೋದರತ್ತೆ ಸತ್ತರೆ ಅಣ್ಣನ ಮಕ್ಕಳು ಅತ್ಯಂತ ದೊಡ್ಡ, ಅತ್ಯಂತ ಹರಕು ಚಾಪೆ ಉಡಬೇಕು. ಅಣ್ಣನ ಮಗಳು ವಾಸಿತಿ ಆಗಲೇ ಉಟ್ಟಾಗಿತ್ತು. ಕಾಲೇಜಿನ ಸಮವಸ್ತ್ರವನ್ನು ನುಂಗಿ ಆ ಚಾಪೆ ಕಿವಿಯವರೆಗೂ ಎದ್ದಿತ್ತು.

ಲೂಪೆ ಬಾಗಿಲು ಮುಚ್ಚಿ ಎಲ್ಲ ಹೇಳಿದಳು.

ವಾಸಿತಿ ಬಾಗಿಲತ್ತ ನೋಡಿದಳು. “ಅವನಿಗೆ ಗೊತ್ತಾದ್ರೆ… ನಾನು ಇವತ್ತು ರಾತ್ರಿ ಅದೇ ಹಾಸ್ಟೆಲ್ಲಿಗೆ ಹೋಗ್ಬೇಕು ಅಕ್ಕ.”

“ಚಾಪೆ ಬಿಚ್ಚಿಬಿಡು,” ಎಂದಳು ಲೂಪೆ.

“ಅತ್ತೆಗೆ ಅಷ್ಟೂ ಮಾಡಬಾರದಾ?” ಹುಡುಗಿ ಚಾಪೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. “ಬಿಚ್ಚಲ್ಲ.”

ಎಲಿಸಿವಾ ಲೂಪೆಯನ್ನು ನುಂಗುವಂತೆ ನೋಡಿದಳು. “ನಿನ್ನ ಕೈಗೆ ಅಷ್ಟು ಕೆಲಸ ಕೊಟ್ಟಿದ್ಲಲ್ಲ, ಅವಳ್ನ ಎಬ್ಬಿಸಿ ಬಯ್ಯಬೇಕು.” ಆಮೇಲೆ ಗೋಡೆ ನೋಡುತ್ತಾ, “ಇಂಥದ್ದು ಬಂದ್ರೆ ಅವಳು ಏನ್ ಮಾಡ್ತಿದ್ಲು?”

“ಪಕ್ಕದ ಸಾಲಿಗೆ ಸೇರಿಸ್ತಿದ್ರು.”

ಹೊರಗೆ ಹುಡುಗಿಯರು ಕೀರ್ತನೆ ಶುರುಮಾಡಿದ್ದರು. ಎಲಿಸಿವಾ ಕಿಟಕಿಯಿಂದ ಅವರನ್ನು ನೋಡಿದಳು. ಆಮೇಲೆ ಇಡೀ ರಾಶಿಯನ್ನು ಅವುಚಿಕೊಂಡು ಎದ್ದಳು.

“ಹಿಡ್ಕೊಳ್ಳೆ ಆ ಕಡೆ. ಹಾಡೋಕೆ ಬಂದೋರೆಲ್ಲಾ ಇವತ್ತು ಅವಳ ಅಣ್ಣನ ಮಕ್ಕಳೇ.”

ಹೊರಗೆ ಹೆಣದ ತಲೆಯ ಬಳಿ ಕೂತು ಸಾವಿನ ವಿಧಿಗಳನ್ನೆಲ್ಲ ನಡೆಸುತ್ತಿದ್ದ ಹಿರಿಯತ್ತೆ ಕಣ್ಣು ಕಿರಿದು ಮಾಡಿದಳು. “ಏನೇ ಇದು? ನನ್ನ ಅಪ್ಪಣೆಯಿಲ್ಲದೆ ಕಂಡಕಂಡೋರಿಗೆಲ್ಲ ಚಾಪೆ? ನಿಮ್ಮಣ್ಣ ಹಡೆದದ್ದೆಷ್ಟು?”

“ಲೆಕ್ಕ ಇಟ್ಟಿದ್ದೋಳು ಅಲ್ಲಿ ಮಲಗಿದಾಳೆ, ಕೇಳಿ ಅತ್ತೆ,” ಎಂದಳು ಎಲಿಸಿವಾ, ಒಬ್ಬ ಹುಡುಗಿಯ ಸೊಂಟಕ್ಕೆ ಹುರಿ ಬಿಗಿಯುತ್ತಾ.

ಮುದುಕಿ ಹೆಣದ ಮುಖವನ್ನೊಮ್ಮೆ, ವಾಸಿತಿಯ ಮುಖವನ್ನೊಮ್ಮೆ ನೋಡಿದಳು. ತನ್ನ ಪಕ್ಕದ ಹಳೇ ಚಾಪೆಯೊಂದನ್ನೂ ಎಲಿಸಿವಾಳತ್ತ ಸರಿಸಿದಳು.

*

ಸ್ಮಶಾನದಲ್ಲಿ ಸಮುದ್ರದ ಗಾಳಿ ಜೋರಾಗಿತ್ತು. ಗುಂಡಿ ಮುಚ್ಚಿ ಬಿಳಿ ಮರಳು ಸುರಿಯುವಾಗ ಹುಡುಗಿಯರು ದಿಬ್ಬದ ಸುತ್ತ ನಿಂತು ಹಾಡಿದರು. ಎಲ್ಲರ ಚಾಪೆಗಳೂ ತಲೆಯವರೆಗೂ ಎದ್ದಿದ್ದವು. ಅಂಚಿನ ಹರಕು ಎಳೆಗಳು ಮುಖದ ಮೇಲೆ ಹಾರುತ್ತಿದ್ದವು. ಒಂದು ದನಿ ನಡುವೆ ಒಡೆಯಿತು. ಕೂಡಲೇ ಉಳಿದವು ಏರಿ ಅದನ್ನು ಮುಚ್ಚಿದವು.

ಲೂಪೆ ತಲೆ ಎತ್ತಲಾರದೆ ಮರಳು ನೋಡುತ್ತಿದ್ದಳು. ಕೊನೆಗೆ ಎತ್ತಿದಳು.

ಎದುರಿಗೆ ಸೆಮಿಸಿ ನಿಂತಿದ್ದ. ತೊಡೆಯ ಪಕ್ಕದಲ್ಲಿ ಅವನ ತೋರುಬೆರಳು ಒಂದು ಚಾಪೆಯಿಂದ ಇನ್ನೊಂದಕ್ಕೆ ಸರಿಯುತ್ತಿತ್ತು. ಅರ್ಧಕ್ಕೆ ನಿಂತಿತು. ಮತ್ತೆ ಮೊದಲಿನಿಂದ ಶುರುವಾಯಿತು.