ದೊಡ್ಡಪ್ಪನ ಸಹಿ

ಗಡಿಯಾರ ರಿಪೇರಿ ಮಾಡುವವನಿಗೆ ತಾಳ್ಮೆ ಜಾಸ್ತಿ ಎಂದು ಜನ ನಂಬಿದ್ದಾರೆ. ನಂಬಲಿ ಪಾಪ. ಚಿಮಟಿಯ ದೊಡ್ಡಪ್ಪನಿಗೆ ಮಾತ್ರ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಎದೆನೋವೆಂದು ಆಸ್ಪತ್ರೆ ಸೇರಿ, ಬದುಕಿ ಬಂದ ಮರುದಿನವೇ ಅಂಗಡಿಯ ಕುರ್ಚಿಯಲ್ಲಿ ಕೂತು, ವಿಲ್ ಮಾಡಿಸಬೇಕು, ಒಬ್ಬ ನೆಟ್ಟಗಿರೋ ವಕೀಲನನ್ನು ಹುಡುಕು ಎಂದು ಅವಳಿಗೆ ಅಪ್ಪಣೆ ಕೊಟ್ಟ. ಅಂಗಡಿ, ಅದರ ಮೇಲಿನ ಎರಡು ಕೋಣೆಗಳು, ಎಲ್ಲ ಚಿಮಟಿಗೆ ಹೋಗಬೇಕಂತೆ.

ಚಿಮಟಿ ಅವನ ತಮ್ಮನ ಮಗಳು. ಅಪ್ಪ ಅಮ್ಮ ಹೋದ ಮೇಲೆ ಈ ಮನೆಗೆ ಬಂದವಳು. ಬೆರಳು ಸಪೂರವೆಂದು ದೊಡ್ಡಪ್ಪ ಇಟ್ಟ ಅಡ್ಡಹೆಸರು ಈಗ ತಲೆಕೂದಲು ನೆರೆಯುವ ವಯಸ್ಸಿನಲ್ಲೂ ಅವಳನ್ನು ಬಿಟ್ಟಿರಲಿಲ್ಲ. ಅವಳಿಗೆ ಬೇರೆ ಕಸುಬು ಗೊತ್ತಿಲ್ಲ, ಬೇರೆ ಸೂರೂ ಇಲ್ಲ. ದೊಡ್ಡಪ್ಪನ ಸ್ವಂತ ಮಗ, ಅವಳ ಅಣ್ಣ, ಚಿಕ್ಕ ವಯಸ್ಸಿನಲ್ಲೇ ಅಂಗಡಿ ಬಿಟ್ಟು ಹೋಗಿ ಲಾರಿ ಗೋದಾಮೊಂದರಲ್ಲಿ ಮೇಸ್ತ್ರಿಯಾಗಿದ್ದ. ನನ್ನ ಕಸುಬು ಅಂದ್ರೆ ಅವನಿಗೆ ನಾಚಿಕೆ ಎಂದು ದೊಡ್ಡಪ್ಪ ಬಂದವರಿಗೆಲ್ಲ ಹೇಳಿ ಹೇಳಿ ಆ ಮಾತನ್ನೇ ಸವೆಸಿಬಿಟ್ಟಿದ್ದ. ಅಪ್ಪ ಮಗನಿಗೆ ಮಾತು ಅಷ್ಟಕ್ಕಷ್ಟೆ. ಆಸ್ಪತ್ರೆಗೆ ಬಂದ ಅಣ್ಣ ಹೊರಡುವಾಗ ಚಿಮಟಿಯನ್ನು ಪಕ್ಕಕ್ಕೆ ಕರೆದು, ಅಂಗಡಿ ವಿಷಯ ಒಮ್ಮೆ ಕೂತು ಮಾತಾಡಬೇಕು ಎಂದಿದ್ದ. ಅಂದಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

ವಕೀಲರೇನು, ನ್ಯಾಯಾಲಯದ ಎದುರಿನ ಬೀದಿಯಲ್ಲಿ ಸಾಲುಸಾಲಾಗಿ ಬೋರ್ಡು ಹಾಕಿಕೊಂಡಿದ್ದಾರೆ. ಆದರೆ ಅಪಘಾತದ ಪರಿಹಾರ ಕೊಡಿಸುವವನ ಬಳಿ ಉಯಿಲು ಬರೆಸಲು ಹೋದರೆ ಹಲ್ಲುನೋವಿಗೆ ಕನ್ನಡಕದವನ ಹತ್ತಿರ ಹೋದ ಹಾಗೆ. ಚಿಮಟಿ ಮೊದಲು ಹೋಗಿದ್ದು ಅಂಥವನ ಬಳಿಗೇ. ಅವನು ಡ್ರಾಯರಿನಿಂದ ಅಚ್ಚು ಹಾಕಿದ ಒಂದು ಹಾಳೆ ಎಳೆದು, ಹೆಸರು ತುಂಬಿಸಿ ಸಹಿ ಹಾಕಿಸಿ, ಸಾಕ್ಷಿಗೆ ನೀವೇ ಒಂದು ಗೀಚಿಬಿಡಿ ಎಂದ. ಆಸ್ತಿ ಪಡೆಯುವವಳೇ ಸಾಕ್ಷಿಯಂತೆ! ಅವಳಿಗೇ ಅದು ಸರಿಯಿಲ್ಲ ಅನ್ನಿಸಿತು. ಎರಡನೆಯವನ ಕಚೇರಿಯಲ್ಲಿ ಮೀನಿನ ತೊಟ್ಟಿ, ತಣ್ಣನೆಯ ಗಾಳಿ, ಬೆಣ್ಣೆಯಂಥ ಮಾತು. ಅರ್ಧ ಕತೆ ಹೇಳಿದ ಮೇಲೆ ತಿಳಿಯಿತು, ಅಣ್ಣನ ಗೋದಾಮಿನ ಮಾಲೀಕನಿಗೆ ಅವನೇ ವಕೀಲ. ಅವಳು ಏನೋ ನೆಪ ಹೇಳಿ ಅಲ್ಲಿಂದ ಕಾಲು ಕಿತ್ತಳು.

ಕೊನೆಗೆ ದಾರಿ ತೋರಿಸಿದವಳು ಪಕ್ಕದ ಔಷಧಿ ಅಂಗಡಿಯಾಕೆ. ಛಾಪಖಾನೆಯ ಮಹಡಿಯ ಮೇಲೆ ಒಬ್ಬ ವಕೀಲಮ್ಮ ಇದ್ದಾರೆ, ಉಯಿಲು ಮತ್ತು ಪಾಲು, ಇವೆರಡು ಬಿಟ್ಟು ಬೇರೆ ಕೇಸು ಮುಟ್ಟುವುದಿಲ್ಲ, ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಾರೆ, ಬೇಜಾರು ಮಾಡಿಕೋಬೇಡಿ ಎಂದು ಎಚ್ಚರಿಸಿಯೇ ಕಳಿಸಿದಳು.

ವಕೀಲಮ್ಮ ಮುಖಕ್ಕೆ ಹೊಡೆದ ಹಾಗೇ ಮಾತಾಡಿದರು. ಅಂಗಡಿ ದೊಡ್ಡಪ್ಪನ ಸ್ವಂತ ದುಡಿಮೆಯದು, ಹಾಗಾಗಿ ಯಾರಿಗೆ ಬೇಕಾದರೂ ಬರೆದುಕೊಡಬಹುದು. ಬರೆಯದೆ ಕಣ್ಣು ಮುಚ್ಚಿದರೆ ಎಲ್ಲವೂ ಮಗನಿಗೆ, ತಮ್ಮನ ಮಗಳಿಗೆ ಒಂದು ಸ್ಕ್ರೂ ಕೂಡ ಬರುವುದಿಲ್ಲ. ಬರೆದರೂ ಮಗ ತಕರಾರು ತೆಗೆಯಬಹುದು, ಆಗ ಸಾಮಾನ್ಯವಾಗಿ ಹೇಳುವುದು ಎರಡೇ ಮಾತು: ಅಪ್ಪನಿಗೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಅನ್ನುವುದು, ಇಲ್ಲವೇ ಇದು ಅಪ್ಪನ ಸಹಿಯೇ ಅಲ್ಲ ಅನ್ನುವುದು. ಬುದ್ಧಿಗೆ ವೈದ್ಯರ ಪತ್ರ ಸಾಕು. ಸಹಿಗೆ, ಏನನ್ನೂ ಪಡೆಯದ ಇಬ್ಬರು ಸಾಕ್ಷಿಗಳ ಎದುರು ನನ್ನ ಮೇಜಿನ ಮೇಲೇ ಹಾಕಬೇಕು, ತಾಳೆ ನೋಡಲು ಈಚೆಗೆ ಸಹಿ ಮಾಡಿದ ಒಂದೆರಡು ಕಾಗದ ತನ್ನಿ ಎಂದರು.

ಆ ಮಾತಿಗೆ ಚಿಮಟಿ ಗಡಿಬಿಡಿಯಲ್ಲಿ ಎದ್ದು ಹೊರಟಳು. ಯಾಕೆಂದರೆ ಎಷ್ಟೋ ವರ್ಷಗಳಿಂದ ದೊಡ್ಡಪ್ಪನ ಸಹಿ ಹಾಕುತ್ತಿದ್ದವಳು ಅವಳೇ.

ದೊಡ್ಡಪ್ಪನ ಕೈ ನಡುಗುತ್ತಿತ್ತು. ಗಡಿಯಾರದವನ ಕೈ ನಡುಗುತ್ತದೆಂದು ಗೊತ್ತಾದರೆ ಯಾರು ತಾನೇ ವಾಚು ಕೊಡುತ್ತಾರೆ? ಅದಕ್ಕೇ ಇಬ್ಬರೂ ಸೇರಿ ಒಂದು ಪದ್ಧತಿ ಕಟ್ಟಿಕೊಂಡಿದ್ದರು. ದೊಡ್ಡಪ್ಪ ಮುಂದೆ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ವಾಚನ್ನು ಕಿವಿಗೆ ಒತ್ತಿ ಹಿಡಿದು, ನಾಳೆ ಬನ್ನಿ ಅನ್ನುವುದು. ಪರದೆಯ ಹಿಂದೆ ಚಿಮಟಿ ಅದನ್ನು ಬಿಚ್ಚಿ, ತೊಳೆದು, ಜೋಡಿಸುವುದು. ಮರುದಿನ ಗಿರಾಕಿಗಳು, ಯಜಮಾನ್ರೇ ನಿಮ್ಮ ಕೈಗೆ ಬಂಗಾರದ ಬಳೆ ತೊಡಿಸಬೇಕು ಎಂದು ಹೊಗಳುವುದು. ಪರದೆಯ ಹಿಂದೆ ಅವಳು ಅದನ್ನು ಕೇಳಿಸಿಕೊಂಡು ಸುಮ್ಮನಿರುವುದು. ಗ್ಯಾರಂಟಿ ಚೀಟಿಗೆ ಅವನ ಸಹಿ ಹಾಕಲು ಶುರುಮಾಡಿದ ಕೈ ಆಮೇಲೆ ಚೆಕ್ಕಿಗೂ ಹಾಕಿತು, ಅಂಗಡಿಯ ಪರವಾನಗಿಗೂ ಹಾಕಿತು. ಮನೆಯಲ್ಲೇ ಹಾಕಿ ದೊಡ್ಡಪ್ಪನೇ ತೆಗೆದುಕೊಂಡು ಹೋಗುತ್ತಿದ್ದರಿಂದ ಬ್ಯಾಂಕಿನಲ್ಲಿ ಯಾರಿಗೂ ಅನುಮಾನವಿಲ್ಲ. ಈಗ ಲೋಕವೆಲ್ಲ ಬಲ್ಲ ಅವನ ಸಹಿ ಅವಳದು. ಅವನು ನಿಜವಾಗಿ ಹಾಕಿದರೆ ಅದೇ ಕಳ್ಳಸಹಿಯಂತೆ ಕಾಣುವುದು.

ಅಂದು ಸಂಜೆ ಅವಳು ಮೆಲ್ಲಗೆ, ವಕೀಲಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಎಂದಳು. ಸತ್ತರೂ ಹೇಳಲ್ಲ ಎಂದ ದೊಡ್ಡಪ್ಪ. ನೀನೇ ಹಾಕಿಬಿಡು ಅಂತಲೂ ಅಂದ. ಅವರ ಎದುರಿಗೇ ನೀನೇ ಹಾಕಬೇಕು ಎಂದು ಅವಳು ತಲೆ ಚಚ್ಚಿಕೊಂಡಳು. ಆ ಹೊತ್ತಿಗೆ ಹೇಗೋ ಕೈ ಗಟ್ಟಿ ಹಿಡ್ಕೋತೀನಿ ಬಿಡು ಎಂದು ದೀಪ ಆರಿಸಿದ.

ಗೊತ್ತುಮಾಡಿದ ದಿನ ವಕೀಲಮ್ಮ ಅವಳನ್ನು ಹೊರಗೆ ಕೂರಿಸಿದರು. ಉಯಿಲಿಗೆ ಸಹಿ ಹಾಕುವಾಗ ಆಸ್ತಿ ಬರುವವರು ಒಳಗಿರಬಾರದು, ಅದು ಅವರ ಕಟ್ಟಳೆ. ಕೆಳಗಿನ ಛಾಪಖಾನೆಯ ಯಂತ್ರ ಬೆಂಚಿನವರೆಗೂ ನಡುಕ ಕಳಿಸುತ್ತಿತ್ತು. ಬಾಗಿಲಾಚೆ ಮಾತು ನಿಂತಿತು, ಎಷ್ಟು ಹೊತ್ತಾದರೂ ಶುರುವಾಗಲಿಲ್ಲ. ಆಮೇಲೆ ಬಾಗಿಲು ತೆರೆದು ವಕೀಲಮ್ಮ ಒಳಗೆ ಬನ್ನಿ ಎಂದರು.

ಮೇಜಿನ ಮೇಲೆ ಚೆಕ್ಕಿನ ಹಾಳೆ, ಪರವಾನಗಿ, ಪಕ್ಕದಲ್ಲಿ ಒಂದು ಖಾಲಿ ಕಾಗದ. ಅದರ ಮೇಲೆ ದೊಡ್ಡಪ್ಪ ಆಗಷ್ಟೇ ಹಾಕಿ ನೋಡಿದ ಸಹಿ ಕೋಳಿ ಕೆದರಿದಂತಿತ್ತು. ದೊಡ್ಡಪ್ಪ ಗೋಡೆ ನೋಡುತ್ತಿದ್ದ.

"ಚೆಕ್ಕಿನ ಮೇಲಿರೋದು ಯಾರ ಕೈ?" ವಕೀಲಮ್ಮ ಕೇಳಿದ್ದು ಅವಳನ್ನೇ.

ದೊಡ್ಡಪ್ಪನದು ಅಂದರೆ ಸಹಿ ತಾಳೆಯಾಗದೆ ಉಯಿಲಿಗೆ ಬೆಲೆಯಿಲ್ಲ. ತನ್ನದು ಅಂದರೆ ತಾನು ಕಳ್ಳಿ. "ನಂದೇ" ಎಂದಳು.

ವಕೀಲಮ್ಮ ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ಇದನ್ನು ಮುಚ್ಚಿಟ್ಟರೆ ನಾಳೆ ಮಗನ ವಕೀಲ ಹೊರಗೆ ತೆಗೆಯುತ್ತಾನೆ, ಆಗ ಅಂಗಡಿಯೂ ಹೋಗುತ್ತೆ, ನೀವೂ ಒಳಗೆ ಹೋಗುತ್ತೀರಿ ಎಂದರು. ಉಳಿದಿರುವ ದಾರಿ ಒಂದೇ. ಅವಳು ಹಾಕಿದ್ದೆಲ್ಲ ತನ್ನ ಮಾತಿನ ಮೇಲೆ ಎಂದು ಯಜಮಾನರು ಸಾಕ್ಷಿಗಳ ಎದುರು ಒಪ್ಪಿಕೊಂಡು ಉಯಿಲಿಗೆ ತಮ್ಮ ಈ ಕೈಯಲ್ಲೇ ಸಹಿ ಹಾಕಬೇಕು, ಮಗನನ್ನೂ ಕರೆಸಿ ಬದುಕಿದ್ದಾಗಲೇ ಅವನ ಮುಂದೆ ಹೇಳಬೇಕು.

"ಯಾರ ಮುಂದೆ ಬೇಕಾದ್ರೂ ಹೇಳ್ತೀನಿ, ಅವನ ಮುಂದೆ ಮಾತ್ರ ಆಗಲ್ಲ" ಎಂದು ದೊಡ್ಡಪ್ಪ ಎದ್ದೇಬಿಟ್ಟ.

ಚಿಮಟಿಗೆ ಎಲ್ಲಿತ್ತೋ ಸಿಟ್ಟು. ಪರದೆಯ ಹಿಂದೆ ನುಂಗಿದ್ದೆಲ್ಲ ಒಟ್ಟಿಗೆ ಹೊರಗೆ ಬಂತು. "ಕೂತ್ಕೋ ದೊಡ್ಡಪ್ಪ. ನಿನ್ನ ಮರ್ಯಾದೆ ಉಳಿಸೋಕೆ ಇಷ್ಟು ವರ್ಷ ಕತ್ತಲಲ್ಲಿ ಕೂತೆ. ಇನ್ನು ಜೈಲಲ್ಲೂ ನಾನೇ ಕೂರಬೇಕಾ?"

ಅವಳು ಅವನಿಗೆ ಎದುರಾಡಿದ್ದು ಅದೇ ಮೊದಲು. ದೊಡ್ಡಪ್ಪ ಕೂತ.

ಆ ವಾರದ ಕೊನೆಗೆ ವಕೀಲಮ್ಮನ ಕಚೇರಿಗೆ ಅಣ್ಣ ಬಂದ. ಗೋದಾಮಿನ ದೂಳು ಅಂಗಿಯ ಮೇಲೇ ಇತ್ತು. ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು, ಕೂರಿ ಎಂದರೂ ಕೂರದೆ, ಬೀರುವಿಗೆ ಒರಗಿ ನಿಂತ. ಜಗಳಕ್ಕೆ ಬಂದವನ ಹಾಗೇ ಕಾಣುತ್ತಿದ್ದ. ಚಿಮಟಿ ಅವನ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿದಳು. ಸಾಕ್ಷಿಗಳಾಗಿ ಬಂದಿದ್ದ ಔಷಧಿ ಅಂಗಡಿಯಾಕೆ ಮತ್ತು ಛಾಪಖಾನೆಯ ಮಾಲೀಕ ಒಂದು ಬದಿಯಲ್ಲಿ ಕೂತಿದ್ದರು.

ದೊಡ್ಡಪ್ಪ ಬಲಗೈಯನ್ನು ಮೇಜಿನ ಮೇಲೆ ಚಾಚಿದ. ಅದು ಅಲ್ಲಿ ತನ್ನಷ್ಟಕ್ಕೆ ಕುಣಿಯತೊಡಗಿತು. ಅವನು ತಲೆ ತಗ್ಗಿಸಿ ಎಲ್ಲ ಹೇಳಿದ: ನಡುಕ, ಪರದೆ, ಸಹಿ, ಅಂಗಡಿ ಯಾರಿಗೆ ಎಂಬುದು. ಅಣ್ಣ ಆ ಕೈಯಿಂದ ಕಣ್ಣು ಕೀಳಲಿಲ್ಲ.

ವಕೀಲಮ್ಮ ಒಂದು ಕಾಗದವನ್ನು ಅವನ ಕಡೆ ಸರಿಸಿದರು. ಇದನ್ನೆಲ್ಲ ಕೇಳಿ ತಿಳಿದುಕೊಂಡಿದ್ದೇನೆ, ನನ್ನ ತಕರಾರಿಲ್ಲ ಎಂದಿತ್ತು ಅದರಲ್ಲಿ. ಒತ್ತಾಯವೇನಿಲ್ಲ, ಒಪ್ಪಿಗೆಯಿದ್ದರೆ ಸಹಿ ಹಾಕಿ ಎಂದು ಪೆನ್ನು ಇಟ್ಟರು.

ಅಣ್ಣ ಬಾಗಿ ಓದಿದ. ಪೆನ್ನು ಮುಟ್ಟಲಿಲ್ಲ. "ಇಲ್ಲಿ ಹಾಕಲ್ಲ. ಮನೆಗೆ ತಗೊಂಡ್ಹೋಗ್ತೀನಿ."

ಮುಗಿಯಿತು ಅಂದುಕೊಂಡಳು ಚಿಮಟಿ. ಮನೆಗೆ ಅಂದರೆ ವಕೀಲನ ಬಳಿಗೆ, ಮೀನಿನ ತೊಟ್ಟಿಯವನ ಬಳಿಗೆ. ಇನ್ನು ಕೋರ್ಟು, ಬೀಗ, ಬೀದಿ. ವಕೀಲಮ್ಮನೂ ಕಾಗದ ಮಡಚತೊಡಗಿದರು.

ದೊಡ್ಡಪ್ಪ ಮಾತ್ರ ಮಗನನ್ನೇ ನೋಡುತ್ತಿದ್ದ. ಮನೆಗೆ ತಗೊಂಡ್ಹೋಗ್ತೀನಿ, ಬ್ಯಾಂಕಿನ ಕೌಂಟರಿನಲ್ಲಿ ತಾನು ಅದೆಷ್ಟು ಸಲ ಆಡಿದ ಮಾತು ಅದು ಎಂದು ಅವನಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು.

"ಕೈ ಹೊರಗೆ ತೆಗಿಯೋ" ಎಂದ.

ಅಣ್ಣ ಅಲ್ಲಾಡಲಿಲ್ಲ. ದೊಡ್ಡಪ್ಪ ಇನ್ನೊಮ್ಮೆ ಹೇಳಿದ, ಈ ಸಲ ಸಿಟ್ಟಿರಲಿಲ್ಲ. ಅಣ್ಣ ನಿಧಾನಕ್ಕೆ ಬಲಗೈ ತೆಗೆದ. ಅಪ್ಪನ ಕೈಯಷ್ಟೇ ಜೋರಾಗಿ ನಡುಗುತ್ತಿತ್ತು ಅದು.

"ಯಾವಾಗಿಂದ?"

"ಅಂಗಡಿ ಬಿಟ್ಟಿದ್ದೇ ಅದಕ್ಕಪ್ಪಾ. ವಾಚಿನ ಸ್ಪ್ರಿಂಗ್ ಕೂರಿಸೋಕೇ ಆಗ್ತಿರ್ಲಿಲ್ಲ. ನಿನ್ನ ಕೈ ಬಂಡೆ ಥರ ಇತ್ತು. ನಿನ್ನ ಮುಂದೆ ಹೇಳೋಕೆ ನಾಚಿಕೆ ಆಯ್ತು."

ದೊಡ್ಡಪ್ಪ ತನ್ನ ಮೊಣಕೈ ಮುಟ್ಟಿಕೊಂಡ. "ಎಲ್ಲಿಯ ಬಂಡೆ ಕಣೋ. ಆಗ್ಲೇ ನಂಗೂ ಶುರುವಾಗಿತ್ತು. ನಿಂಗೆ ಕಾಣಬಾರದು ಅಂತ ಮೊಣಕೈ ಮೇಜಿಗೆ ಒತ್ತಿ ಹಿಡೀತಿದ್ದೆ."

ಔಷಧಿ ಅಂಗಡಿಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚಿಮಟಿಗೆ ಅಳು ಬರಲಿಲ್ಲ, ಭಯವಾಯಿತು. ಇಬ್ಬರಲ್ಲಿ ಒಬ್ಬರು ಒಂದೇ ಒಂದು ಮಾತು ಆಡಿದ್ದರೆ ಅಣ್ಣ ಹೋಗುತ್ತಿರಲಿಲ್ಲ, ಪರದೆಯ ಹಿಂದಿನ ಆ ಸ್ಟೂಲು ತನ್ನದಾಗುತ್ತಲೂ ಇರಲಿಲ್ಲ. ಇಷ್ಟು ವರ್ಷ ತಾನು ಕೂತಿದ್ದು ಅವನ ಜಾಗದಲ್ಲಿ. ಅವಳು ಅಣ್ಣಾ ಎಂದಳು.

"ಪಾಲು ಕೇಳೋಕೇ ಬಂದಿದ್ದೆ, ಸುಳ್ಳು ಯಾಕೆ ಹೇಳಲಿ" ಎಂದು ಅಣ್ಣ ತನ್ನ ಕೈ ನೋಡಿಕೊಂಡ. "ಅಪ್ಪನ ಪಾಲು ನಂಗೆ ಆಗ್ಲೇ ಬಂದ್ಬಿಟ್ಟಿದೆ ಕಣೇ. ಅಂಗಡಿ ನೀನು ಇಟ್ಕೋ."

ಅವನು ಕುರ್ಚಿ ಎಳೆದು ಕೂತು ಪೆನ್ನು ಹಿಡಿದ. ಪೆನ್ನು ಕಾಗದದ ಮೇಲೆ ಟಕಟಕ ಕುಟ್ಟಿತು. ದೊಡ್ಡಪ್ಪ ಕೈ ಚಾಚಿ ಮಗನ ಮಣಿಕಟ್ಟನ್ನು ಹಿಡಿದುಕೊಂಡ. ಅದರಿಂದ ಉಪಯೋಗವೇನೂ ಆಗಲಿಲ್ಲ, ಸಹಿ ಇನ್ನಷ್ಟು ಕೆಟ್ಟಿತು. ವಕೀಲಮ್ಮ ಇರಲಿ, ನಡೆಯುತ್ತೆ ಎಂದರು. ಸಹಿ ಮುಗಿದು ಪೆನ್ನು ಕೆಳಗಿಟ್ಟ ಮೇಲೂ ದೊಡ್ಡಪ್ಪ ಕೈ ಬಿಡಲಿಲ್ಲ, ಅಣ್ಣನೂ ಬಿಡಿಸಿಕೊಳ್ಳಲಿಲ್ಲ.