ಹುಲ್ಲಿನೊಳಗಿನ ಬೈತಲೆ

ಹುಲ್ಲು ಬೆಳೆಯುವ ಸದ್ದು ದೇವರೊಬ್ಬನಿಗೇ ಕೇಳುತ್ತದಂತೆ. ನಮ್ಮ ಕಿವಿಗೆ ಬೀಳುವುದು ಆ ಹುಲ್ಲಿನ ಬಗ್ಗೆ ಅಕ್ಕಪಕ್ಕದವರು ಆಡುವ ಮಾತು ಮಾತ್ರ.

ಕ್ಷೌರಿಕನ ಮನೆಯಲ್ಲಿ ಆ ಮಾತಿಗೆ ಬಿಡುವೇ ಇರಲಿಲ್ಲ. ಪಕ್ಕದ ಮನೆಯಲ್ಲಿ ಒಂಟಿಯಾಗಿದ್ದವರು ಗಡಿಯಾರದ ಮಾಮ. ಆಯುಸ್ಸಿಡೀ ಗಡಿಯಾರ ರಿಪೇರಿ ಮಾಡಿ ಈಗ ಕೆಲಸ ಬಿಟ್ಟು ಕೂತವರು. ಒಂದು ಕಾಲದಲ್ಲಿ ಅವರ ಹಿತ್ತಲಿನ ಹುಲ್ಲುಹಾಸಿನ ಮೇಲೆ ಚಪ್ಪಲಿ ಹಾಕಿಕೊಂಡು ನಡೆಯಲು ಮನಸ್ಸು ಬರುತ್ತಿರಲಿಲ್ಲ, ಅಷ್ಟು ಒಪ್ಪವಾಗಿತ್ತು. ಈಗ ಅದು ಆಳೆತ್ತರ ಬೆಳೆದು, ನಡುವಿನ ಮೋಟುಗೋಡೆಯ ಮೇಲಿಂದ ಇಣುಕುತ್ತಿತ್ತು.

"ಊರವರ ತಲೆಯೆಲ್ಲಾ ನುಣ್ಣಗೆ ಮಾಡ್ತೀರಿ, ಪಕ್ಕದ್ಮನೆ ಗಡ್ಡ ಕಣ್ಣಿಗೆ ಬೀಳಲ್ವಾ?" ಎಂದಳು ಹೆಂಡತಿ, ಬಟ್ಟೆ ಹಿಂಡುತ್ತಾ. "ನಾಳೆ ಹಾವು ಬಂದು ಅಡುಗೆಮನೇಲಿ ಊಟಕ್ಕೆ ಕೂತ್ಮೇಲೆ ಹೋಗಿ ಕೇಳಿ."

"ಕೇಳಿಲ್ವಾ ನಾನು? 'ಇರಲಿ ಬಿಡಯ್ಯಾ, ಹುಲ್ಲಿಗೂ ಆಯುಸ್ಸು ಅಂತ ಒಂದಿರುತ್ತೆ' ಅಂತಾರೆ. ಅವರ ಮುಖ ನೋಡಿದ್ದೀಯಾ ನೀನು? ಗಲ್ಲದ ತುಂಬಾ ಗಾಯ. ಗೋಡೆ ಪಕ್ಕ ನನ್ನನ್ನ ಇಟ್ಕೊಂಡು, ಯಾವ ಕಟುಕನ ಹತ್ರ ಕ್ಷೌರ ಮಾಡಿಸ್ಕೋತಾರೋ!"

ಬಾಗಿಲ ಬಳಿ ಕೂತಿದ್ದ ಕ್ಷೌರಿಕನ ಅಪ್ಪ ಎದ್ದು ತಮ್ಮ ಕೋಣೆಗೆ ಹೋಗಿ ಕದ ಹಾಕಿಕೊಂಡರು.

ಅಂಗಡಿ ಕಟ್ಟಿದ್ದು ಅಪ್ಪನೇ. 'ಅರ್ಧ ಮುಖ ಬಿಟ್ಟು ಏಳಬಾರದು, ಮನೆಗೆ ಬೆಂಕಿ ಬಿದ್ದರೂ' ಎಂಬುದು ಮಗನಿಗೆ ಅವರು ಕಲಿಸಿದ ಮೊದಲ ಪಾಠ. ಆಮೇಲೆ ವಯಸ್ಸಾಗಿ ಕೈ ನಡುಗತೊಡಗಿತು. ಹೋದ ವರ್ಷ, ಅಂಗಡಿ ತುಂಬಾ ಜನರಿದ್ದಾಗ, ಇದೇ ಗಡಿಯಾರದ ಮಾಮನ ಗಲ್ಲಕ್ಕೆ ಕತ್ತಿ ತಾಕಿ ರಕ್ತ ಬಂತು. ಮಗ ಬಂದು, "ಸಾಕಪ್ಪಾ" ಎಂದು ಅವರ ಕೈಯಿಂದ ಕತ್ತಿ ತೆಗೆದುಕೊಂಡು, ಉಳಿದರ್ಧ ಮುಖವನ್ನು ತಾನೇ ಮುಗಿಸಿದ. ಅಂದಿನಿಂದ ಅಪ್ಪ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಊಟ ಮಾಡುವುದು, ಕದ ಹಾಕಿ ಮಲಗುವುದು. ಕೈಕೆಲಸ ನಿಂತವನಿಗೆ ನಿದ್ದೆಯೇ ಉದ್ಯೋಗವೆಂದು ಮನೆಯವರೂ ಸುಮ್ಮನಿದ್ದರು.

ಅಂದು ಅಂಗಡಿಗೆ ರಜೆ. ಊಟವಾದ ಮೇಲೆ ಕ್ಷೌರಿಕ ಕುಡುಗೋಲು ಹಿಡಿದು ಗೋಡೆ ಹಾರಿದ. ಮಾಮ ಮಲಗಿ ಏಳುವಷ್ಟರಲ್ಲಿ ಹಿತ್ತಲು ಬೋಳಾಗಿರಲಿ, ಬೈದರೆ ಬೈಸಿಕೊಂಡರಾಯಿತು ಎಂಬ ಲೆಕ್ಕ. ಅಂಚಿನಿಂದ ಶುರುಮಾಡಿ ಸವರುತ್ತಾ ಒಳಗೆ ಹೋದ. ಅರ್ಧ ಹಿತ್ತಲು ಮುಗಿದಿತ್ತು. ಅಲ್ಲಿ ಕುಡುಗೋಲು ಹಾಗೇ ನಿಂತಿತು.

ಎತ್ತರದ ಹುಲ್ಲಿನ ನಡುವೆ ಬೈತಲೆ ತೆಗೆದ ಹಾಗೆ ದಾರಿಯೊಂದಿತ್ತು. ಒಬ್ಬ ಮನುಷ್ಯ ನಡೆಯುವಷ್ಟೇ ಅಗಲ. ಕೂದಲು ಬಾಚಿದ ಕಡೆಗೇ ಬಾಗುತ್ತದೆ, ಅದು ಅವನಿಗೆ ಗೊತ್ತು. ಈ ಹುಲ್ಲೂ ಎರಡು ಕಡೆಗೆ ಬಾಗಿ ಮಲಗಿತ್ತು, ತಿಂಗಳುಗಟ್ಟಲೆ ತುಳಿದ ಹಾಗೆ. ಬೈತಲೆಯ ಒಂದು ತುದಿ ಮಾಮನ ಹಿಂಬಾಗಿಲಿಗೆ ಮುಟ್ಟಿತ್ತು. ಇನ್ನೊಂದು ತುದಿಯನ್ನು ಕಣ್ಣಲ್ಲೇ ಹಿಡಿದುಕೊಂಡು ಹೋದ. ಅದು ತನ್ನದೇ ಗೋಡೆಗೆ ಬಂದು ನಿಂತಿತ್ತು. ಅಪ್ಪನ ಕೋಣೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಮರೆಯಲ್ಲಿ, ಗೋಡೆಯ ಇಟ್ಟಿಗೆಗಳನ್ನು ಕಿತ್ತು ಮೆಟ್ಟಿಲು ಮಾಡಿದ್ದರು!

ಕಳ್ಳ! ತನ್ನ ಮನೆಗೆ ದಿನಾ ಕಳ್ಳ ಬರುತ್ತಿದ್ದಾನೆ!

ಒಂದೇ ನೆಗೆತಕ್ಕೆ ಗೋಡೆ ಹತ್ತಿ ಅಪ್ಪನ ಕೋಣೆಗೆ ನುಗ್ಗಿದ. ಹಿಂದಿನ ಬಾಗಿಲು ಚಿಲಕವಿಲ್ಲದೆ ಬರೀ ಮುಚ್ಚಿಕೊಂಡಿತ್ತು. ಹೊದಿಕೆ ಎಳೆದರೆ ಒಳಗಿದ್ದದ್ದು ದಿಂಬು. ಕಪಾಟಿನ ಮೇಲೆ, ಅಪ್ಪನ ಕೈಗೆ ಸಿಗದಿರಲೆಂದು ತಾನೇ ಎತ್ತಿಟ್ಟಿದ್ದ ಪೆಟ್ಟಿಗೆ ತೆರೆದು ಬಿದ್ದಿತ್ತು. ಅಪ್ಪನ ಹಳೆಯ ಕತ್ತಿ ಅದರಲ್ಲಿರಲಿಲ್ಲ.

ಕತ್ತಿ ಇಲ್ಲ. ಅಪ್ಪ ಇಲ್ಲ. ಅವಮಾನ ನುಂಗಿಕೊಂಡು ವರ್ಷವಿಡೀ ಮೌನವಾಗಿದ್ದ ಮುದುಕ ಕತ್ತಿ ಹಿಡಿದು ಎಲ್ಲಿಗೆ ಹೋದ? "ದೇವರೇ, ದೇವರೇ" ಎನ್ನುತ್ತಾ ಬೈತಲೆಯಲ್ಲೇ ಓಡಿ, ಮಾಮನ ಹಿಂಬಾಗಿಲು ತಳ್ಳಿದ.

ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿತ್ತು. ಮಾಮ ಕತ್ತೆತ್ತಿ ಕಣ್ಣು ಮುಚ್ಚಿ ಕೂತಿದ್ದರು. ಅವರ ಗಂಟಲ ಮೇಲೆ ಕತ್ತಿ ನಡುಗುತ್ತಿತ್ತು. ಹಿಡಿದವರು ಅಪ್ಪ. ಮಾಮನ ಮುಖದ ಒಂದು ಪಕ್ಕ ನುಣುಪಾಗಿತ್ತು, ಇನ್ನೊಂದು ಪಕ್ಕದಲ್ಲಿ ನೊರೆ ಹಾಗೇ ಇತ್ತು.

ಅಪ್ಪ ತಿರುಗಿ ನೋಡಿದರು. ಕತ್ತಿಯನ್ನು ಮಡಚಿ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ, ಮಗನ ಕಡೆಗೆ ಚಾಚಿದರು. ಇಲ್ಲಿಯವರೆಗೆ ಕಂಡದ್ದೆಲ್ಲಕ್ಕಿಂತ ಹೆಚ್ಚಾಗಿ ಆ ಚಾಚಿದ ಕೈ ಅವನನ್ನು ಬೆಚ್ಚಿಬೀಳಿಸಿತು.

"ಯಾರಯ್ಯಾ ಅದು, ಕಟುಕನ ಮಗನಾ?" ಎಂದರು ಮಾಮ, ಕಣ್ಣು ತೆರೆಯದೆ.

"ಮಾಮಾ... ಇದೇನು ಮಾಮಾ ಇದು? ಕೊರಳ ನರ ಕಣ್ರೀ ಅದು!"

"ನನ್ನ ಕೊರಳಲ್ವಾ? ಆವತ್ತು ನಿನ್ನಪ್ಪ ಮುಗಿಸದೇ ಹೋದ ಅರ್ಧ ಮುಖ ಹೊತ್ಕೊಂಡು ಮನೆಗೆ ಬಂದೆ. ನೀನು ಮುಗಿಸಿದ್ದು ನಂಗೆ ಲೆಕ್ಕಕ್ಕೆ ಬರ್ಲಿಲ್ಲ."

"ಅದಕ್ಕೇನಾ ಈ ಹುಲ್ಲು?"

"ಮತ್ತೆ? ಹುಲ್ಲು ಕತ್ತರಿಸಿದ್ರೆ ಇವನು ಬರೋದು ನಿನ್ನ ಹಿತ್ತಲಿಂದ್ಲೇ ಕಾಣ್ತಿತ್ತು." ಮಾಮ ಈಗ ಕಣ್ಣು ತೆರೆದರು. "ನಂದೂ ಕೈ ನಡುಗೇ ಕೆಲಸ ಬಿಟ್ಟಿದ್ದು ಕಣಯ್ಯಾ. ಆಮೇಲೆ ಯಾರೂ ನನ್ನ ಕೈಗೆ ಒಂದು ಕೆಟ್ಟ ಗಡಿಯಾರ ಸಹ ಕೊಡ್ಲಿಲ್ಲ."

ಕತ್ತಿ ಇನ್ನೂ ಚಾಚಿಕೊಂಡೇ ಇತ್ತು. ಮಗ ಅದನ್ನು ಮುಟ್ಟಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ನಿಂತು ಹಿಡಿಯುತ್ತಿದ್ದ ಹಾಗೆ, ಕಿಟಕಿಯ ಕಟ್ಟೆಯ ಮೇಲಿದ್ದ ನೀರಿನ ಬಟ್ಟಲನ್ನು ಎತ್ತಿಕೊಂಡ.

"ಅರ್ಧ ಮುಖ ಬಿಡಬಾರ್ದಪ್ಪಾ," ಎಂದ.

ಅಪ್ಪ ಅವನ ಕೈಯ ಬಟ್ಟಲನ್ನು ನೋಡಿದರು. ಆಮೇಲೆ ಕತ್ತಿ ಬಿಚ್ಚಿದರು. "ಬಟ್ಟಲು ನೆಟ್ಟಗೆ ಹಿಡಿ. ನೀರು ಚೆಲ್ತಿದೆ."

ಹೊರಗಿನಿಂದ ಹೆಂಡತಿಯ ದನಿ ಕೇಳಿತು: "ಏನ್ರೀ, ಅರ್ಧಕ್ಕೇ ಬಿಟ್ಟು ಎಲ್ಲಿ ಹೋದ್ರಿ? ಒಂದು ಕಡೆ ಬೋಳು, ಒಂದು ಕಡೆ ಕಾಡು, ನೋಡಿದೋರು ನಗಲ್ವಾ?"

"ನಗಲಿ ಬಿಡೇ. ಅಷ್ಟೇ ಸಾಕು," ಎಂದು ಕೂಗಿದ.

ಗಲ್ಲದ ತಿರುವಿನಲ್ಲಿ ಕತ್ತಿ ಹೊರಳಿತು. ಒಂದು ಹನಿ ರಕ್ತ ಮೂಡಿತು. ಅಪ್ಪನ ಕೈ ತಡೆದು ನಿಂತಿತು. ಮಾಮ ಕದಲಲಿಲ್ಲ. ಮಗ ರಕ್ತ ನಿಲ್ಲಿಸುವ ಪಟಿಕದ ಕಲ್ಲನ್ನು ನೀರಿಗದ್ದಿ ಅಪ್ಪನ ಎಡಗೈಗೆ ಇಟ್ಟು, ಬಟ್ಟಲನ್ನು ಮತ್ತೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ.